ಡೆಕೋರಾದ ಮನೆಗಳ ಬಗ್ಗೆ ಬರೆದವರಿಗೆ

ಮಾನ್ಯರೇ,

ಅಮೆರಿಕದ ಅಯೋವಾ ರಾಜ್ಯದ ವಿನ್ನೆಶೀಕ್ ಕೌಂಟಿಯಲ್ಲಿ, ಡೆಕೋರಾ ಪಟ್ಟಣ ಮತ್ತು ಸುತ್ತಲಿನ ಹಳೆಯ ಮನೆಗಳನ್ನು ನೋಡಿ ಬಂದು ನೀವು ಬರೆದ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದದ ಪತ್ರ.

ನಿಮ್ಮ ಮೊದಲ ವಾಕ್ಯದಲ್ಲೇ ನಿಂತುಬಿಟ್ಟೆ: “1850ರಲ್ಲಿ ನಾರ್ವೆಯ ರೈತರು ಬಂದಾಗ ಅದು ಯಾರೂ ಇಲ್ಲದ ಬಯಲು.” ಹಾಗಲ್ಲ, ಇದ್ದವರನ್ನು ಆಗಷ್ಟೇ ಎಬ್ಬಿಸಲಾಗಿತ್ತು. ಅಮೆರಿಕದ ಮೂಲನಿವಾಸಿಗಳಾದ ಹೋ-ಚಂಕ್ ಜನರನ್ನು ವಿಸ್ಕಾನ್ಸಿನ್‌ನಿಂದ ಆ ಸೀಮೆಗೆ ತಂದದ್ದು ಅಮೆರಿಕದ ಸರ್ಕಾರ. ಅವರು ಅಲ್ಲಿಂದ ಕದಲದಂತೆ ಕಾಯಲು 1840ರಲ್ಲಿ ಅಟ್ಕಿನ್ಸನ್ ಕೋಟೆಯ ಕೆಲಸ ಆರಂಭವಾಯಿತು. 1848ರಲ್ಲಿ ಅದೇ ಸರ್ಕಾರ ಅವರನ್ನು ಮಿನ್ನೆಸೋಟಕ್ಕೆ ಸಾಗಿಸಿತು. ಅವರು ಹೋದದ್ದಕ್ಕೂ ನಿಮ್ಮ ರೈತರು ಬಂದದ್ದಕ್ಕೂ ನಡುವೆ ಎರಡೇ ವರ್ಷ! ವಿನ್ನೆಶೀಕ್, ಡೆಕೋರಾ ಎರಡೂ ಹೋ-ಚಂಕ್ ಮುಖಂಡರ ಹೆಸರುಗಳು. ಪುಟಪುಟಕ್ಕೂ ಡೆಕೋರಾ ಎಂದು ಬರೆದಿದ್ದೀರಿ. ಅದು ಯಾರ ಹೆಸರೆಂದು ಒಮ್ಮೆಯಾದರೂ ಹೇಳಬೇಡವೇ? ಇದನ್ನು ಅಡಿಟಿಪ್ಪಣಿಗೆ ತಳ್ಳಬೇಡಿ. ಮನೆಗಳ ಕಥೆಗೆ ಬುನಾದಿಯೇ ಇದು.

1867ರಲ್ಲಿ ಕಟ್ಟಿದ ಪೋರ್ಟರ್ ಹೌಸ್ ಎಂಬ ಮನೆಗೆ ನಾಲ್ಕು ಪುಟ ಕೊಟ್ಟಿದ್ದೀರಿ. ಅದರ ಬಣ್ಣದ ಕಲ್ಲುಗಳ ಆವರಣ ಗೋಡೆಯ ವರ್ಣನೆ ಚೆನ್ನಾಗಿದೆ, ಅರ್ಧಕ್ಕೆ ಇಳಿಸಿ ಉಳಿಸಿಕೊಳ್ಳಿ. ಆದರೆ ಎಗ್ಗೆ ಕುಟುಂಬದ ಮನೆಯನ್ನು “ಪುಟ್ಟ ಮರದ ಮನೆಯೂ ಇದೆ” ಎಂದು ದಾಟಿಬಿಟ್ಟಿದ್ದೀರಲ್ಲ, ಅಲ್ಲಿ ನನಗೆ ನಿಜಕ್ಕೂ ಸಂಕಟವಾಯಿತು. ಮರದ ದಿಮ್ಮಿಗಳ ಆ ಮನೆ 16 ಅಡಿ ಉದ್ದ, 14 ಅಡಿ ಅಗಲ. 1853ರ ಡಿಸೆಂಬರಿನಲ್ಲಿ ನಾರ್ವೆಯಿಂದ ಬಂದ ಪಾದ್ರಿ ವಿಲ್ಹೆಲ್ಮ್ ಕೊರೆನ್ ಮತ್ತು ಪತ್ನಿ ಎಲಿಸಬೆತ್‌ಗೆ ಉಳಿಯಲು ಸೂರಿರಲಿಲ್ಲ. ಎಗ್ಗೆ ದಂಪತಿ ಇಬ್ಬರು ಮಕ್ಕಳೊಂದಿಗೆ ತಾವಿದ್ದ ಆ ಒಂದೇ ಕೋಣೆಯಲ್ಲಿ ಅವರಿಗೂ ಜಾಗ ಮಾಡಿಕೊಟ್ಟರು. ಎರಡು ಸಂಸಾರಗಳ ನಡುವೆ ಗೋಡೆಯಿಲ್ಲ, ಕ್ಯಾಲಿಕೋ ಎಂಬ ಹತ್ತಿ ಬಟ್ಟೆಯ ಪರದೆ. ಎಲಿಸಬೆತ್ ತಮ್ಮ ದಿನಚರಿಯಲ್ಲಿ ಇದನ್ನೆಲ್ಲ ಬರೆದಿಟ್ಟಿದ್ದಾರೆ. (ಕ್ಯಾಲಿಕೋ ಎಂಬ ಹೆಸರು ನಮ್ಮ ನೆರೆಯ ಕಲ್ಲಿಕೋಟೆಯಿಂದ ಹುಟ್ಟಿದ್ದು. ಅಷ್ಟು ದೂರದ ಚಳಿಗಾಲದಲ್ಲಿ ಆ ಹೆಸರು ಕಂಡಾಗ ನನಗೆ ರೋಮಾಂಚನವಾಯಿತು.) ಆ ಮನೆ ಈಗ ಡೆಕೋರಾದ ವೆಸ್ಟರ್‌ಹೈಮ್ ವಸ್ತುಸಂಗ್ರಹಾಲಯದಲ್ಲಿದೆ. ನೀವು ಅದರ ಮುಂದೆ ನಿಂತವರು. ಬಾಗಿಲಲ್ಲಿ ತಲೆ ಬಗ್ಗಿಸಬೇಕಾಯಿತೇ? ಮೂಲೆಯಲ್ಲಿ ದಿಮ್ಮಿಗಳನ್ನು ಒಂದಕ್ಕೊಂದು ಹೇಗೆ ಕೂರಿಸಿದ್ದಾರೆ? ಓದುಗರಿಗೆ ಅದು ಬೇಕು.

ಅದೇ ಕೌಂಟಿಯ ಸ್ಪಿಲ್‌ವಿಲ್ ಊರಿನ ಪ್ಯಾರಾ ತೆಗೆಯಿರಿ. ಸಂಗೀತಗಾರ ಡ್ವೊರಾಕ್ 1893ರ ಬೇಸಿಗೆಯನ್ನು ಅಲ್ಲಿ ಕಳೆದದ್ದು ನಿಜ, ಆದರೆ ಅದು ಬೇರೆಯದೇ ಲೇಖನಕ್ಕಾಗುವ ವಿಷಯ. “ಕಾಲಗರ್ಭದಲ್ಲಿ ಹುದುಗಿದ ಭವ್ಯ ಪರಂಪರೆ”ಯಂಥ ಮಾತುಗಳೂ ಹೋಗಲಿ.

ಪರದೆಯಿಂದ ಆರಂಭಿಸಿ, ಅಲ್ಲಿಂದ ಕೋಟೆಗೆ ಹೋಗಿ, ಪೋರ್ಟರ್ ಹೌಸ್ ಕೊನೆಗೆ ಬರಲಿ. ಎಂಟುನೂರು ಪದ ಸಾಕು. ಯುಗಾದಿಯೊಳಗೆ ಕಳುಹಿಸಿದರೆ ನಾನೇ ಮೊದಲು ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ