ಡೊಮೇನ್ ಸಿಕ್ಕರೆ ಹೆಸರು ನಮ್ಮದಾಯಿತೇ?

ಪ್ರಶ್ನೆ: ರೈತರು ಖರ್ಚು-ವೆಚ್ಚ ಬರೆದಿಡುವ ಆ್ಯಪ್ ಮಾಡುತ್ತಿದ್ದೇವೆ. ‘ಬೆಳೆಲೆಕ್ಕ’ ಎಂಬ ಹೆಸರಿಗೆ ಡೊಮೇನ್ ಖಾಲಿ ಇದೆ, ಪ್ಲೇ ಸ್ಟೋರ್‌ನಲ್ಲೂ ಯಾರೂ ಇಟ್ಟಿಲ್ಲ. ಬ್ಯಾನರ್ ಮಾಡಿಸಬಹುದೇ? – ಶಿವಮೊಗ್ಗದ ಓದುಗರು

ಈಗಲೇ ಬೇಡ. ಡೊಮೇನ್ ಮಾರುವವರು ಟ್ರೇಡ್‌ಮಾರ್ಕ್ (ವ್ಯಾಪಾರದ ಹೆಸರು, ಗುರುತು) ದಾಖಲೆ ನೋಡುವುದಿಲ್ಲ, ದುಡ್ಡು ಕಟ್ಟಿದವರಿಗೆ ಕೊಡುತ್ತಾರೆ. ನೀವು ನೋಡಬೇಕಾದದ್ದು ಟ್ರೇಡ್‌ಮಾರ್ಕ್ ನೋಂದಣಿಯ ಸರ್ಕಾರಿ ತಾಣವಾದ ಐಪಿ ಇಂಡಿಯಾ ಜಾಲತಾಣದ ಪಬ್ಲಿಕ್ ಸರ್ಚ್; ಶುಲ್ಕವಿಲ್ಲ. ಸರಕು-ಸೇವೆಗಳನ್ನು 45 ಕ್ಲಾಸ್‌ಗಳಾಗಿ ವಿಂಗಡಿಸಿದ್ದಾರೆ, ಒಂದೊಂದರಲ್ಲೂ ಬೇರೆಬೇರೆಯಾಗಿ ಹುಡುಕಬೇಕು. ಡೌನ್‌ಲೋಡ್ ಮಾಡುವ ಸಾಫ್ಟ್‌ವೇರ್ 9ರಲ್ಲಿ, ಆನ್‌ಲೈನ್‌ನಲ್ಲೇ ಬಳಸುವಂಥದ್ದು 42ರಲ್ಲಿ ಬರುತ್ತದೆ. ಲೆಕ್ಕಪತ್ರ ಸೇವೆಯ 35, ಕೃಷಿ ಸೇವೆಯ 44 ಕೂಡ ನೋಡಿ. 9 ಒಂದನ್ನೇ ನೋಡಿ ಎದ್ದುಬಿಡುವವರೇ ಜಾಸ್ತಿ.

ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ‘ಲೆಕ್ಕ’ಕ್ಕೆ ಒಬ್ಬರು ಒಂದು ಕೆ ಹಾಕಿದರೆ ಇನ್ನೊಬ್ಬರು ಎರಡು ಹಾಕಿ, ಕೊನೆಗೊಂದು ಎಚ್ ಸೇರಿಸುತ್ತಾರೆ. ಅದಕ್ಕೇ ‘ಕಂಟೇನ್ಸ್’ ಆಯ್ಕೆಯಲ್ಲಿ ಹೆಸರಿನ ತುಂಡುಗಳನ್ನು ಹಾಕಿ ನೋಡಿ, ಆಮೇಲೆ ಉಚ್ಚಾರಣೆ ಹಿಡಿದು ಹುಡುಕುವ ಫೊನೆಟಿಕ್ ಸರ್ಚ್ ಮಾಡಿ. ಕಾಗುಣಿತ ಬೇರೆಯಾದರೂ ಕಿವಿಗೆ ಒಂದೇ ಥರ ಕೇಳಿಸಿದರೆ ಆಕ್ಷೇಪಣೆ ಬರಬಹುದು. ‘ರಿಮೂವ್ಡ್’ ಎಂದು ಕಂಡರೆ ಹಿಗ್ಗಬೇಡಿ: ನವೀಕರಿಸದೆ ಬಿದ್ದುಹೋದ ಹೆಸರೂ ಸಾಮಾನ್ಯವಾಗಿ ಒಂದು ವರ್ಷ ಹೊಸ ಅರ್ಜಿಗೆ ಅಡ್ಡ ಬರುತ್ತದೆ. ನೋಂದಣಿಯೇ ಇಲ್ಲದೆ ಮೊದಲಿನಿಂದ ಬಳಸಿ ಹೆಸರು ಮಾಡಿದವರಿಗೂ ದಾವೆ ಹೂಡುವ ಹಕ್ಕಿದೆ. ಆದ್ದರಿಂದ ಆ್ಯಪ್ ಸ್ಟೋರ್, ಕೋಡ್ ಹಂಚುವ ತಾಣ ಗಿಟ್‌ಹಬ್, ಕಂಪನಿ ಹೆಸರುಗಳ ಪಟ್ಟಿಯನ್ನೂ ಜಾಲಾಡಿ.

ನಿಮ್ಮ ಹೆಸರಿನ ನಿಜವಾದ ತೊಡಕು ಬೇರೆ. ಮಾಡುವ ಕೆಲಸವನ್ನೇ ಹೇಳುವ ಹೆಸರನ್ನು 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಬೆಳೆಗೂ ಲೆಕ್ಕಕ್ಕೂ ಸಂಬಂಧವಿಲ್ಲದ ಅಥವಾ ನೀವೇ ಕಟ್ಟಿದ ಪದ ಆರಿಸಿ. ನೋಂದಣಿಗೆ ಹಾಕುವ ಟಿಎಂ-ಎ ಅರ್ಜಿಯನ್ನು ಆನ್‌ಲೈನ್‌ನಲ್ಲಿ ಹಾಕಿದರೆ ವ್ಯಕ್ತಿಗಳಿಗೆ, ಮಾನ್ಯತೆ ಪಡೆದ ಸ್ಟಾರ್ಟಪ್‌ಗಳಿಗೆ ಕ್ಲಾಸ್‌ಗೆ 4,500 ರೂಪಾಯಿ. 9 ಮತ್ತು 42 ಎರಡಕ್ಕೂ ಹಾಕುವುದು ಒಳ್ಳೆಯದು.

ಪ್ರಶ್ನೆ: ‘ನಂದಿನಿ’ ಹಾಲೂ ಇದೆ, ‘ನಂದಿನಿ ಡೀಲಕ್ಸ್’ ಹೋಟೆಲೂ ಇದೆ. ವ್ಯಾಪಾರ ಬೇರೆಯಾದರೆ ಒಂದೇ ಹೆಸರು ನಡೆಯುತ್ತದೆಯೇ? – ತುಮಕೂರಿನ ಓದುಗರು

ಕೆಲವೊಮ್ಮೆ. ಕೆಎಂಎಫ್ ಆ ಹೆಸರನ್ನು 1985ರಿಂದ, ಹೋಟೆಲಿನವರು 1989ರಿಂದ ಬಳಸುತ್ತಿದ್ದರು. 2018ರಲ್ಲಿ ಸುಪ್ರೀಂ ಕೋರ್ಟ್ ಹೋಟೆಲಿನವರ ಪರ ತೀರ್ಪು ಕೊಟ್ಟಿತು. ನಂದಿನಿ ಎಂಬುದು ದೇವತೆಯ, ಹಸುವಿನ ಹೆಸರು, ಯಾರೂ ಹೊಸದಾಗಿ ಕಟ್ಟಿದ್ದಲ್ಲ. ಒಂದು ಸರಕಿಗೆ ನೋಂದಣಿ ಇದೆಯೆಂದು ಇಡೀ ಕ್ಲಾಸ್ ಒಬ್ಬರದಾಗುವುದಿಲ್ಲ ಎಂದಿತು. ಹಾಗಿದ್ದೂ ಹಾಲು, ಹಾಲಿನ ಪದಾರ್ಥಗಳಿಗೆ ಹೋಟೆಲಿನವರಿಗೆ ಆ ಹೆಸರು ದಕ್ಕಲಿಲ್ಲ. ಇದನ್ನೇ ನಂಬಿ ‘ಟಾಟಾ’ದಂಥ ಹೆಸರಿಗೆ ಕೈಹಾಕಬೇಡಿ. ಪ್ರಸಿದ್ಧ ಹೆಸರುಗಳಿಗೆ ಸಂಬಂಧವೇ ಇಲ್ಲದ ಸರಕಿನಲ್ಲೂ ರಕ್ಷಣೆ ಇದೆ.

ಪ್ರಶ್ನೆ: ನಮ್ಮದು ಉಚಿತ ಓಪನ್ ಸೋರ್ಸ್ ಪ್ರಾಜೆಕ್ಟ್. ನಮಗೂ ಇದೆಲ್ಲ ಬೇಕೇ? – ಮೈಸೂರಿನ ಓದುಗರು

ಬೇಕು. ಮೊಜಿಲ್ಲಾದ ಬ್ರೌಸರ್ ಮೊದಲು ಫೀನಿಕ್ಸ್ ಆಗಿತ್ತು. ಫೀನಿಕ್ಸ್ ಟೆಕ್ನಾಲಜೀಸ್‌ನ ಟ್ರೇಡ್‌ಮಾರ್ಕ್ ಅಡ್ಡ ಬಂದು ಫೈರ್‌ಬರ್ಡ್ ಆಯಿತು. ಅದೇ ಹೆಸರಿನ ಡೇಟಾಬೇಸ್ ಪ್ರಾಜೆಕ್ಟ್‌ನವರು ತಕರಾರು ತೆಗೆದ ಮೇಲೆ 2004ರಲ್ಲಿ ಫೈರ್‌ಫಾಕ್ಸ್. ನೆಟ್‌ವರ್ಕ್‌ನಲ್ಲಿ ಓಡಾಡುವ ಡೇಟಾ ಪರಿಶೀಲಿಸುವ ತಂತ್ರಾಂಶ ಇಥೀರಿಯಲ್‌ನದು ಇನ್ನೊಂದು ಪಾಡು. ಅದನ್ನು ಬರೆದವರು 2006ರಲ್ಲಿ ಕೆಲಸ ಬದಲಿಸಿದಾಗ ಹೆಸರಿನ ಹಕ್ಕು ಹಳೆಯ ಕಂಪನಿಯಲ್ಲೇ ಉಳಿಯಿತು. ಕೋಡ್ ಕೊಂಡೊಯ್ದು ವೈರ್‌ಶಾರ್ಕ್ ಎಂದು ಹೊಸ ಹೆಸರಿಡಬೇಕಾಯಿತು. ಓಪನ್ ಸೋರ್ಸ್ ಲೈಸೆನ್ಸ್ ಕೋಡಿಗೆ ಅನ್ವಯಿಸುತ್ತದೆ, ಹೆಸರಿಗಲ್ಲ. ಹೆಸರು ಯಾರ ಸ್ವತ್ತು ಎಂಬುದನ್ನು ತಂಡದವರೆಲ್ಲ ಈಗಲೇ ಬರೆದು ಸಹಿ ಹಾಕಿಡಿ.