ಎಕ್ಸ್-ಕ್ಲೇಮ್ ಬಿಟ್ಟುಹೋದದ್ದೇನು?

ಓದುಗರ ಪತ್ರ: ಹಾರ್ಡ್‌ಕೋರ್ ಪಂಕ್ ಎಂಬ ಅತಿವೇಗದ, ಒರಟು ರಾಕ್ ಸಂಗೀತದ ಧ್ವನಿಮುದ್ರಿಕೆಗಳನ್ನು ಹೊರತಂದ ಅಮೆರಿಕದ ಎಕ್ಸ್-ಕ್ಲೇಮ್ ಲೇಬಲ್‌ಗೆ ಕಳೆದ ಸಂಚಿಕೆಯಲ್ಲಿ ಎರಡು ಪುಟ ಮೀಸಲಿಟ್ಟಿದ್ದೀರಿ. ಬೆರಳೆಣಿಕೆಯಷ್ಟು ಎಲ್‌ಪಿ (ದೊಡ್ಡ ಗ್ರಾಮಫೋನ್ ತಟ್ಟೆ) ಹೊರತಂದು ನಿಂತುಹೋದ ಕಂಪನಿಗೆ ಪರಂಪರೆ ಎಲ್ಲಿಂದ ಬಂತು? — ಓದುಗರೊಬ್ಬರು, ಹಾಸನ

ಸಂಪಾದಕರ ಉತ್ತರ: ಎಕ್ಸ್-ಕ್ಲೇಮ್ ಕಂಪನಿಯಾಗಿರಲೇ ಇಲ್ಲ. ನಾವು ಎರಡು ಪುಟ ಕೊಟ್ಟದ್ದೂ ಅದೇ ಕಾರಣಕ್ಕೆ. ಬಾಸ್ಟನ್ನಿನ ಎಸ್‌ಎಸ್‌ಡಿ ತಂಡದ ಗಿಟಾರ್ ವಾದಕ ಆಲ್ ಬರೀಲ್, ಸಮೀಪದ ಲಿನ್ ಊರಿನ ಜನರಲ್ ಎಲೆಕ್ಟ್ರಿಕ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. 1982ರಲ್ಲಿ ತಮ್ಮ ತಂಡದ ಮೊದಲ ಎಲ್‌ಪಿ 'ದ ಕಿಡ್ಸ್ ವಿಲ್ ಹ್ಯಾವ್ ದೇರ್ ಸೇ'ಯನ್ನು ಈ ಹೆಸರಿನಲ್ಲಿ ತಂದರು. ಮುಂದೆ ಎಫ್‌ಯೂಸ್, ಡಿವೈಎಸ್, ಜೆರ್ರೀಸ್ ಕಿಡ್ಸ್ ತಂಡಗಳ ಎಲ್‌ಪಿಗಳ ಮೇಲೂ ಅದೇ ಹೆಸರು ಬಂತು. ಹೆಸರು ಎಲ್ಲರದು, ಖರ್ಚು ಆಯಾ ತಂಡದ್ದು. ಧಣಿಯಿಲ್ಲದ ಈ ಏರ್ಪಾಡಿನ ಮೇಲೆ ನನಗೆ ಅಪಾರ ಗೌರವವಿದೆ.

ಆ ಮೊದಲ ಎಲ್‌ಪಿಯ ಹೊದಿಕೆಯನ್ನು ಒಮ್ಮೆ ನೋಡಿ. ಮ್ಯಾಸಚೂಸೆಟ್ಸ್ ಶಾಸನಸಭಾ ಭವನದ ಮೆಟ್ಟಿಲುಗಳ ಮೇಲೆ ಹುಡುಗರ ದಂಡೊಂದು ದಾಳಿಯಿಡುವಂತೆ ಓಡುತ್ತಿದೆ. ವೃತ್ತಿಪರ ರೂಪದರ್ಶಿಗಳಲ್ಲ, ಸಂಗೀತ ಕಛೇರಿಗಳಿಗೆ ಬರುತ್ತಿದ್ದ ಗೆಳೆಯರೇ. ಮದ್ಯ ಮಾರುವ ಕ್ಲಬ್‌ಗಳು ಎಳೆಯರನ್ನು ಒಳಗೆ ಬಿಡುತ್ತಿರಲಿಲ್ಲ. ಗ್ಯಾಲರಿ ಈಸ್ಟ್‌ನಂಥ ಕಲಾ ಗ್ಯಾಲರಿಯಲ್ಲಿ ಇವರಿಗೆ ಜಾಗ ಸಿಕ್ಕಿತು. ಎಸ್‌ಎಸ್‌ಡಿಯವರಂತೂ ಕುಡಿತವನ್ನೇ ದೂರವಿಟ್ಟವರು.

ಅದೇ ಎಲ್‌ಪಿಗೆ ವಾಷಿಂಗ್ಟನ್ನಿನ ಡಿಸ್ಕಾರ್ಡ್ ಲೇಬಲ್ ತನ್ನ ಪಟ್ಟಿಯಲ್ಲಿ 7½ ಎಂಬ ಸಂಖ್ಯೆ ಕೊಟ್ಟಿತು. 1980ರಲ್ಲಿ ಶುರುವಾದ ಡಿಸ್ಕಾರ್ಡ್ ಇಂದಿಗೂ ನಡೆಯುತ್ತಿದೆ. ಬೇರೆ ಊರಿನವರ ಕೆಲಸಕ್ಕೆ ಪೂರ್ಣ ಸಂಖ್ಯೆಯಲ್ಲದಿದ್ದರೂ ಅರ್ಧ ಸಂಖ್ಯೆಯ ಜಾಗ ಮಾಡಿಕೊಟ್ಟ ಆ ಸ್ನೇಹ ನನಗೆ ಮಾರಾಟದ ಲೆಕ್ಕಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಆ ಬಳಗವನ್ನು ನಾನು ಅಟ್ಟಕ್ಕೇರಿಸುತ್ತಿಲ್ಲ. ಬಾಸ್ಟನ್ನಿನ ಹುಡುಗರ ಒರಟುತನ ಹೆಸರುವಾಸಿಯಾಗಿತ್ತು, ವೇದಿಕೆಯ ಮುಂದಿನ ನೂಕುನುಗ್ಗಲಿನಲ್ಲಿ ಪೆಟ್ಟು ತಿಂದವರೂ ಇದ್ದರು. 1984ರ ಹೊತ್ತಿಗೆ ಎಸ್‌ಎಸ್‌ಡಿ ಹೆವಿ ಮೆಟಲ್‌ನತ್ತ ವಾಲಿ ಬೇರೆ ಲೇಬಲ್ ಸೇರಿತು.

ಮೂಲ ಪ್ರತಿಗಳು ಸಂಗ್ರಹಕಾರರ ಕೈಸೇರಿ ದುಬಾರಿಯಾದವು. ಅದನ್ನು ಪರಂಪರೆ ಎನ್ನಲು ನಾನು ಒಪ್ಪುವುದಿಲ್ಲ. 2023ರಲ್ಲಿ ಟ್ರಸ್ಟ್ ರೆಕಾರ್ಡ್ಸ್ ಮೊದಲ ಎಲ್‌ಪಿಯನ್ನು ಮರುಮುದ್ರಿಸಿದ ಮೇಲೆ ಅದು ಮತ್ತೆ ಸಾಮಾನ್ಯ ಕೇಳುಗರಿಗೆ ದಕ್ಕಿತು. ಬರೀಲ್ 2025ರಲ್ಲಿ ತೀರಿಕೊಂಡರು. ಅದಕ್ಕೆ ಮೊದಲೇ ಈ ಮರುಮುದ್ರಣ ಆಯಿತಲ್ಲ ಎಂಬ ಸಮಾಧಾನ ನನಗಿದೆ.

ಮುಂದಿನ ಸಂಚಿಕೆಯಲ್ಲಿ ಡಿಸ್ಕಾರ್ಡ್ ಕುರಿತ ಲೇಖನವಿದೆ. ಓದಿದ ಮೇಲೂ ನಿಮ್ಮ ಆಕ್ಷೇಪ ಉಳಿದರೆ ದಯವಿಟ್ಟು ಬರೆಯಿರಿ, ಪ್ರಕಟಿಸುತ್ತೇವೆ.

— ಸಂಪಾದಕ