ಕತ್ತಿ ಹಿಡಿ ಕೈಗೆ ಅಂಟುತ್ತಿದೆಯೇ? ಒರೆಸಿ, ಸುರಿಯಬೇಡಿ

ಸೆಪ್ಟೆಂಬರ್ ಮೊದಲಲ್ಲಿ ಬರುವ ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಹತ್ತಿರ ಬಂದರೆ ಸಾಕು, ಕತ್ತಿ ಹಿಡಿಯ ಪಾಲಿಶ್ ಬಗ್ಗೆ ಅದದೇ ಪ್ರಶ್ನೆಗಳು ಬರುತ್ತವೆ. ಹಿಡಿ ಕೂರಿಸುವುದು, ಕೆತ್ತುವುದು ನಿಮಗೆ ಗೊತ್ತೇ ಇದೆ. ಅದನ್ನು ಬಿಡುತ್ತೇನೆ.

ಅಜ್ಜನ ಕತ್ತಿಗೆ ಬೀಟೆ ಮರದ ಹಿಡಿ ಹಾಕಿಸಿದೆ. ಮರದ ಅಲೆಯಂಥ ಗೆರೆ ಎದ್ದು ಕಾಣಲಿ ಎಂದು ಗಾಣದ ಅಗಸೆ ಎಣ್ಣೆ ದಪ್ಪಗೆ ಹಚ್ಚಿದೆ. ಎರಡು ವಾರವಾದರೂ ಅಂಟುತ್ತಿದೆ. ಏನು ಮಾಡಲಿ? (ಗೋಣಿಕೊಪ್ಪ)

ಅಗಸೆ ಎಣ್ಣೆ ನೀರಿನ ಹಾಗೆ ಆರಿ ಹೋಗುವುದಿಲ್ಲ. ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ದಪ್ಪಗೆ ಬಳಿದರೆ ಮೇಲೆ ಕೆನೆ ಕಟ್ಟುತ್ತದೆ, ಒಳಗೆ ಹಸಿಯೇ ಉಳಿಯುತ್ತದೆ. ಗಾಣದ ಹಸಿ ಎಣ್ಣೆಗಂತೂ ವಾರಗಟ್ಟಲೆ ಬೇಕು. ಪೇಂಟ್ ಅಂಗಡಿಯ ಡಬಲ್ ಬಾಯಿಲ್ಡ್ ಎಣ್ಣೆ ತನ್ನಿ. ಬೇಗ ಒಣಗಲು ಅದಕ್ಕೆ ಲೋಹದ ಲವಣ ಸೇರಿಸಿರುತ್ತಾರೆ. ಇನ್ನು ಬೀಟೆಗೆ ತನ್ನದೇ ಎಣ್ಣೆಯಂಶ ಇದೆ, ಅದೂ ಒಣಗಲು ಬಿಡುವುದಿಲ್ಲ. ಇದರ ಮೇಲೆ ನಮ್ಮ ಆಗಸ್ಟ್ ಮಳೆ! ಹಬ್ಬಕ್ಕೆ ಹೊಸ ಹಿಡಿ ಬೇಕಾದರೆ ಫೆಬ್ರವರಿ, ಮಾರ್ಚ್‌ನಲ್ಲೇ ಮಾಡಿಕೊಳ್ಳಿ ಎಂದು ಪ್ರತಿ ವರ್ಷ ಬರೆಯುತ್ತಿದ್ದೇನೆ.

ಈಗ ಟರ್ಪೆಂಟೈನ್ ಅದ್ದಿದ ಬಟ್ಟೆಯಿಂದ ಅಂಟನ್ನೆಲ್ಲ ತೆಗೆಯಿರಿ. ಎರಡು ದಿನ ಗಾಳಿಗೆ ಬಿಡಿ. 320, ಆಮೇಲೆ 400 ನಂಬರ್ ಸ್ಯಾಂಡ್ ಪೇಪರ್ ಹಿಡಿದು ನಾರಿನ ಜಾಡಿನಲ್ಲೇ ಉಜ್ಜಿ. ಮೂಗು ಬಾಯಿ ಮುಚ್ಚಿಕೊಳ್ಳಿ, ಬೀಟೆ ಧೂಳು ಕೆಲವರಿಗೆ ಆಗಿಬರುವುದಿಲ್ಲ. ಬೀಟೆಯ ಮೇಲಿನ ಎಣ್ಣೆಯಂಶ ಹೋಗಲು, ಒಲೆಯಿಂದ ದೂರ ಕೂತು ಅಸಿಟೋನ್‌ನಲ್ಲಿ ಒರೆಸಿ, ಅದು ಆರಿದ ತಕ್ಷಣ ಡಬಲ್ ಬಾಯಿಲ್ಡ್ ಎಣ್ಣೆ ಹಚ್ಚಿ. ಇಡೀ ಹಿಡಿಗೆ ನಾಲ್ಕೈದು ಹನಿ ಸಾಕು. ಹದಿನೈದು ನಿಮಿಷ ಬಿಟ್ಟು, ಬಟ್ಟೆಗೆ ಏನೂ ಹತ್ತದ ತನಕ ಒರೆಸಿ.

ಆಗ ಹಿಡಿಯನ್ನು ಕಿಟಕಿ ಬೆಳಕಿಗೆ ಓರೆ ಮಾಡಿ ನೋಡಿ. ನಾರಿನ ತುದಿ ಮೇಲಕ್ಕೆ ತಿರುಗಿದ ಕಡೆ ಎಣ್ಣೆ ಜಾಸ್ತಿ ಕುಡಿದು ಕಪ್ಪಾಗಿರುತ್ತದೆ, ಪಕ್ಕದ ಗೆರೆ ತಿಳಿಯಾಗಿಯೇ ಇರುತ್ತದೆ. ಹಿಡಿ ತಿರುಗಿಸಿದರೆ ಅಲೆ ಓಡಾಡುತ್ತದೆ. ಆ ಅಂದವೆಲ್ಲ ಬರುವುದು ಮರ ಹೀರಿದ ಎಣ್ಣೆಯಿಂದ. ಮೇಲೆ ನಿಂತ ಎಣ್ಣೆ ಅದನ್ನು ಮಂಕು ಮಾಡುತ್ತದೆ, ಅಷ್ಟೇ.

ಎಣ್ಣೆಯ ಮುಂದಿನ ಕೈ, ಅಂದರೆ ಮುಂದಿನ ಲೇಪ, ಬಿಸಿಲು ಕಾಲದಲ್ಲಿ ಒಂದು ದಿನ ಬಿಟ್ಟು, ಮಳೆಯಲ್ಲಿ ಮೂರ್ನಾಲ್ಕು ದಿನ ಬಿಟ್ಟು. ಬೆರಳಿಗೆ ಚೂರು ಅಂಟಿದರೂ ಕಾಯಿರಿ. ಮೂರ್ನಾಲ್ಕು ಕೈ ಆದ ಮೇಲೆ ಜೇನುಮೇಣ ತಿಕ್ಕಿ.

ಒಂದು ಮಾತು ದಯವಿಟ್ಟು ಕೇಳಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಕಾಫಿ ಚೀಲ ಪೇರಿಸಿದ ಗೋದಾಮಿನಲ್ಲಿ ಹೀಗಾದರೆ ಏನು ಗತಿ? ಅಂಗಳದಲ್ಲಿ ಬಿಡಿಸಿ ಹರವಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ತೆಂಗಿನೆಣ್ಣೆ ಸಾಲದೇ? (ಸೋಮವಾರಪೇಟೆ)

ಸಾಲದು. ಅದು ಗಟ್ಟಿಯಾಗುವ ಎಣ್ಣೆಯೇ ಅಲ್ಲ.

ಹಳೇ ಎಂಜಿನ್ ಆಯಿಲ್ ಹಚ್ಚಿದರೆ ಹಿಡಿ ನೂರು ವರ್ಷ ಬರುತ್ತದಂತೆ? (ಕುಶಾಲನಗರ)

ಹೇಳಿದವರ ಮಾತು ಕೇಳಬೇಡಿ. ಅದು ವಿಷ. ದಿನವಿಡೀ ಅಂಗೈಗೆ ತಾಗುವ ಜಾಗಕ್ಕೆ ಅದನ್ನು ಬಳಿಯುತ್ತಾರೆಯೇ? ಗೆರೆಯೂ ಮಸಿಯಾಗುತ್ತದೆ.

ಅರಗಿನ ಪಾಲಿಶ್ ಹಾಕಲೇ, ವಾರ್ನಿಶ್ ಹಾಕಲೇ? (ವಿರಾಜಪೇಟೆ)

ಗೋಡೆಗೆ ತೂಗುಹಾಕುವ ಕತ್ತಿಗೆ ಅರಗು ಚೆನ್ನ. ತೋಟಕ್ಕೆ ಒಯ್ಯುವುದಕ್ಕೆ ಬೇಡ, ನೀರು ತಾಗಿ ಬೆಳ್ಳಗಾಗುತ್ತದೆ. ವಾರ್ನಿಶ್ ಏಟು ಬಿದ್ದ ಕಡೆ ಚಕ್ಕೆ ಏಳುತ್ತದೆ, ಬೆವರಿದ ಕೈಯಲ್ಲಿ ಜಾರುತ್ತದೆ. ಜಾರುವ ಹಿಡಿಯ ಕತ್ತಿಯನ್ನು ನಾನಂತೂ ಯಾರ ಕೈಗೂ ಕೊಡುವುದಿಲ್ಲ.